121 ಸೋಲು: ಶಿಕಾಗೋ ವೈಟ್ ಸಾಕ್ಸ್ ಈ ಗತಿಗೆ ಬಂದದ್ದು ಹೇಗೆ?

ದಕ್ಷಿಣದಿಕ್ಕು (28 ಸೆಪ್ಟೆಂಬರ್ 2024)

ಆಯ್ತು, ಅದೂ ಆಗಿಹೋಯ್ತು. ನಿನ್ನೆ ರಾತ್ರಿ ಡೆಟ್ರಾಯ್ಟ್‌ನಲ್ಲಿ 4-1ರಿಂದ ಸೋತು ನಮ್ಮ ಬೇಸ್‌ಬಾಲ್ ತಂಡ ವೈಟ್ ಸಾಕ್ಸ್ ದಾಖಲೆ ಬರೆಯಿತು. ಒಂದೇ ಸೀಸನ್‌ನಲ್ಲಿ 121 ಸೋಲು. 1900ರಿಂದ ಈಚೆಗೆ ಮೇಜರ್ ಲೀಗ್‌ನಲ್ಲಿ, ಅಂದ್ರೆ ಬೇಸ್‌ಬಾಲ್‌ನ ಅತಿ ಮೇಲಿನ ಲೀಗ್‌ನಲ್ಲಿ, ಇಷ್ಟು ಪಂದ್ಯ ಸೋತ ತಂಡ ಇನ್ನೊಂದಿಲ್ಲ. 1962ರ ನ್ಯೂಯಾರ್ಕ್ ಮೆಟ್ಸ್ 120 ಸೋತಿತ್ತು. ಆ ದಾಖಲೆಯನ್ನು ಯಾರೂ ಮುಟ್ಟಿರಲಿಲ್ಲ. ನಾವು ಮುಟ್ಟಿ, ದಾಟಿಯೂ ಬಿಟ್ಟೆವು.

ಅಳೋಕೆ ಈ ಚರ್ಚೆ ಶುರು ಮಾಡ್ತಿಲ್ಲ. ಅಳು ಮೇ ತಿಂಗಳಲ್ಲೇ ಖಾಲಿಯಾಗಿದೆ. ಇದೇ ತಂಡ 2021ರಲ್ಲಿ 93 ಪಂದ್ಯ ಗೆದ್ದು ವಿಭಾಗಕ್ಕೆ ಮೊದಲು ಬಂದಿತ್ತು. 2022ರಲ್ಲಿ 81 ಗೆಲುವು, 81 ಸೋಲು. 2023ರಲ್ಲಿ 61-101. ಈಗ ಇದು. ಎಲ್ಲರೂ ಈ ವರ್ಷದ ಆಟಗಾರರನ್ನು ಬೈಯುತ್ತಿದ್ದಾರೆ. ನನಗೆ ಅನ್ನಿಸೋದು, ಈ ಸೋಲುಗಳು 2024ರಲ್ಲಿ ಹುಟ್ಟಿದವಲ್ಲ. ಕೊನೆಯ ಎರಡು ಸೋಲು ಯಾರ ಕೈಯಲ್ಲಿ ಆದವು ಅಂತ ಸ್ವಲ್ಪ ನೋಡಿ.

120ನೇದು ಸೆಪ್ಟೆಂಬರ್ 22ಕ್ಕೆ, ಸ್ಯಾನ್ ಡಿಯೇಗೊ ಪಾಡ್ರೆಸ್ ವಿರುದ್ಧ, 4-2. ಪಾಡ್ರೆಸ್‌ನ ಫರ್ನಾಂಡೊ ಟಾಟಿಸ್ ಜೂನಿಯರ್ ಮೂಲತಃ ನಮ್ಮ ಹುಡುಗ. 2016ರಲ್ಲಿ ಜೇಮ್ಸ್ ಶೀಲ್ಡ್ಸ್ ಅನ್ನೋ ವಯಸ್ಸಾದ ಪಿಚರ್‌ಗೋಸ್ಕರ (ಚೆಂಡು ಎಸೆಯುವವನು, ಬೌಲರ್ ಇದ್ದ ಹಾಗೆ) ಅವನನ್ನು ಕೊಟ್ಟುಬಿಟ್ಟರು. ಆಗ ಅವನಿಗೆ 17 ವರ್ಷ. ಅದೇ ತಂಡದ ಮ್ಯಾನಿ ಮಚಾಡೊನನ್ನು 2019ರಲ್ಲಿ ಕರೆತರುತ್ತೇವೆ ಅಂತ ಊರಿಗೆಲ್ಲ ಹೇಳಿಕೊಂಡು ಓಡಾಡಿದರು. ಕೊನೆಗೆ ದುಡ್ಡಿನ ಮಾತು ಬಂದಾಗ ಕೈ ಬಿಗಿ ಹಿಡಿದರು. ಅವನು 10 ವರ್ಷಕ್ಕೆ 300 ಮಿಲಿಯನ್ ಡಾಲರ್‌ಗೆ ಪಾಡ್ರೆಸ್ ಸೇರಿದ. ಡಿಲನ್ ಸೀಸ್‌ನನ್ನಂತೂ ಈ ಮಾರ್ಚ್‌ನಲ್ಲಿ ನಾವೇ ಅಲ್ಲಿಗೆ ಟ್ರೇಡ್ ಮಾಡಿದ್ದು. ಜುಲೈ 25ಕ್ಕೆ ಅವನು ಎದುರಾಳಿಗೆ ಒಂದೇ ಒಂದು ಹಿಟ್ ಕೊಡದೆ ಇಡೀ ಪಂದ್ಯ ಎಸೆದ.

121ನೇದು ಡೆಟ್ರಾಯ್ಟ್ ಟೈಗರ್ಸ್. ಅದರ ಮ್ಯಾನೇಜರ್, ಅಂದ್ರೆ ಕೋಚ್, ಎ.ಜೆ. ಹಿಂಚ್. 2020ರ ಕೊನೆಗೆ ನಮ್ಮ ಮ್ಯಾನೇಜರ್ ಜಾಗ ಖಾಲಿಯಾದಾಗ ಎಲ್ಲರ ಬಾಯಲ್ಲೂ ಇದ್ದದ್ದು ಇವರದೇ ಹೆಸರು. ಮಾಲೀಕ ಜೆರಿ ರೈನ್ಸ್‌ಡಾರ್ಫ್ ಮಾತ್ರ ತಮ್ಮ ಹಳೇ ಸ್ನೇಹಿತ, 76 ವರ್ಷದ ಟೋನಿ ಲಾ ರೂಸಾರನ್ನು ಕರೆತಂದರು. ನಿನ್ನೆ ನಮ್ಮನ್ನು ಸೋಲಿಸಿಯೇ ಹಿಂಚ್ ತಂಡ 2014ರ ನಂತರ ಮೊದಲ ಸಲ ಪ್ಲೇಆಫ್‌ಗೆ ಹೋಯಿತು. ಅವರು ಶಾಂಪೇನ್ ಚಿಮ್ಮಿಸುತ್ತಿದ್ದರೆ ನಮ್ಮವರು ಬ್ಯಾಗ್ ಕಟ್ಟುತ್ತಿದ್ದರು.

ಈಗ ಹೇಳಿ, ಇದು ಬರೀ ಈ ವರ್ಷದ ಕಥೆನಾ?

ಚಿನ್ನಸ್ವಾಮಿ ಗ್ಯಾಲರಿ

ಗುರು, ನನಗೆ ಬೇಸ್‌ಬಾಲ್ ಅಷ್ಟಕ್ಕಷ್ಟೆ. 121 ಸೋಲು ಅಂದ್ರೆ ಒಟ್ಟು ಎಷ್ಟು ಪಂದ್ಯದಲ್ಲಿ? 2019ರಲ್ಲಿ ಆರ್‌ಸಿಬಿ ಮೊದಲ ಆರು ಪಂದ್ಯ ಸಾಲಾಗಿ ಸೋತಾಗಲೇ ನಾನು ರಿಮೋಟ್ ತಂದು ಅಮ್ಮನ ಕೈಗೆ ಕೊಟ್ಟಿದ್ದೆ, ಸೀರಿಯಲ್ ನೋಡ್ಕೊಳ್ಳಿ ಅಂತ. ನೀವು 121 ಹೇಗೆ ತಡ್ಕೊಂಡ್ರಿ?

ಇನ್ನೊಂದು ಪ್ರಶ್ನೆ. ಇಂಥ ತಂಡವನ್ನು ಕೆಳಗಿನ ಡಿವಿಷನ್‌ಗೆ ಇಳಿಸಲ್ವಾ? ನಮ್ಮ ಕೆಎಸ್‌ಸಿಎ ಲೀಗ್‌ನಲ್ಲೂ ಇಳಿಸ್ತಾರಲ್ಲ.

ಮೂರನೇ ಬೇಸ್

@ಚಿನ್ನಸ್ವಾಮಿ ಗ್ಯಾಲರಿ, ಒಟ್ಟು 162 ಪಂದ್ಯ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ ಹೆಚ್ಚುಕಡಿಮೆ ದಿನಾ ಆಟ. ಒಂದು ಊರಿಗೆ ಹೋದರೆ ಅಲ್ಲೇ ಮೂರು ನಾಲ್ಕು ಪಂದ್ಯ ಆಡಿ ಮುಂದಿನ ಊರಿಗೆ ಗಂಟುಮೂಟೆ ಕಟ್ಟೋದು. ಈ ಆಟದಲ್ಲಿ ಒಳ್ಳೆ ತಂಡವೂ 60-65 ಪಂದ್ಯ ಸೋಲುತ್ತೆ. ಇಲ್ಲಿ ಒಂದು ಹಳೇ ಮಾತಿದೆ: ಯಾವ ತಂಡ ಆದ್ರೂ 54 ಗೆದ್ದೇ ಗೆಲ್ಲುತ್ತೆ, 54 ಸೋತೇ ಸೋಲುತ್ತೆ, ಮಿಕ್ಕ 54ರಲ್ಲಿ ಏನು ಮಾಡ್ತೀರಿ ಅನ್ನೋದೇ ಸೀಸನ್. ವೈಟ್ ಸಾಕ್ಸ್‌ಗೆ ಆ ಪುಕ್ಕಟೆ 54 ಕೂಡ ದಕ್ಕಲಿಲ್ಲ.

ಇಳಿಸೋದು ಗಿಳಿಸೋದು ಇಲ್ಲಿಲ್ಲ. ಅಮೆರಿಕದಲ್ಲಿ ತಂಡ ಅಂದ್ರೆ ಮಾಲೀಕನ ಸ್ವತ್ತು. ಎಷ್ಟೇ ಸೋತರೂ ಮುಂದಿನ ವರ್ಷ ಅದೇ ಲೀಗ್, ಅದೇ ಜಾಗ, ಟಿವಿ ಹಕ್ಕಿನ ದುಡ್ಡಿನಲ್ಲಿ ಅದೇ ಪಾಲು.

ನಾನಿರೋದು ಡೆಟ್ರಾಯ್ಟ್ ಕಡೆ. ನಿನ್ನೆ ಮೈದಾನದಲ್ಲೇ ಇದ್ದೆ. ನಿಜ ಹೇಳಬೇಕಂದ್ರೆ ನಮಗ್ಯಾರಿಗೂ ನಿಮ್ಮ ದಾಖಲೆ ಕಡೆ ಗಮನವೇ ಇರಲಿಲ್ಲ. ಆದ್ರೆ ಇಲ್ಲಿನ ಹಳಬರಿಗೆ ಆ ನೋವು ಗೊತ್ತು. 2003ರಲ್ಲಿ ಟೈಗರ್ಸ್ 119 ಸೋತಿತ್ತು. ಮೂರೇ ವರ್ಷಕ್ಕೆ, 2006ರಲ್ಲಿ, ವರ್ಲ್ಡ್ ಸೀರೀಸ್, ಅಂದ್ರೆ ಲೀಗ್‌ನ ಫೈನಲ್, ಆಡಿತು.

ಲೆಕ್ಕದ ಪುಸ್ತಕ

ಸ್ವಲ್ಪ ಅಂಕಿ ಅಂಶ ಇರಲಿ, ಭಾವನೆ ಆಮೇಲೆ.

ಶುರುವಾತಿನ 25 ಪಂದ್ಯದಲ್ಲಿ 3 ಗೆಲುವು, 22 ಸೋಲು. ಮೇ 22ರಿಂದ ಸತತ 14 ಸೋಲು. ಜುಲೈ 10ರಿಂದ ಆಗಸ್ಟ್ 5ರವರೆಗೆ ಸತತ 21 ಸೋಲು. ಈ 21 ಅನ್ನೋದು ಅಮೆರಿಕನ್ ಲೀಗ್ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ದಾಖಲೆಗೆ ಸಮ. 1988ರ ಬಾಲ್ಟಿಮೋರ್ ಓರಿಯೋಲ್ಸ್ ಸೀಸನ್ ಶುರುವಿನಲ್ಲೇ ಅಷ್ಟು ಸೋತಿತ್ತು. ಒಂದೇ ವಿಭಾಗದ ಕಾನ್ಸಸ್ ಸಿಟಿ ವಿರುದ್ಧ 13ರಲ್ಲಿ 1 ಗೆಲುವು, ಮಿನೆಸೋಟ ವಿರುದ್ಧವೂ 13ರಲ್ಲಿ 1.

ಪಿಚರ್‌ಗಳನ್ನು ತೆಗೆದುಕೊಳ್ಳಿ. ಕ್ರಿಸ್ ಫ್ಲೆಕ್ಸನ್ 3 ಗೆಲುವು, 15 ಸೋಲು. ಮೈಕ್ ಸೊರೋಕಾ 10 ಸೋಲು, ಗೆಲುವು ಸೊನ್ನೆ. ಬ್ಯಾಟಿಂಗ್‌ನಲ್ಲಿ ಕ್ಯಾಚರ್ (ವಿಕೆಟ್ ಕೀಪರ್ ಇದ್ದ ಹಾಗೆ) ಮಾರ್ಟಿನ್ ಮಾಲ್ಡೊನಾಡೊ ಸರಾಸರಿ .119. ಬೇಸ್‌ಬಾಲ್ ಗೊತ್ತಿಲ್ಲದವರಿಗೆ: .250 ಅಂದ್ರೆ ಸಾಧಾರಣ, .200ರ ಕೆಳಗೆ ಅಂದ್ರೆ ಕೆಲಸ ಹೋಗುತ್ತೆ. .119 ಅಂದ್ರೆ ನೂರು ಸಲ ಬ್ಯಾಟ್ ಹಿಡಿದು ಬಂದು ಹನ್ನೆರಡು ಹಿಟ್.

ಆದ್ರೂ ಒಂದು ಮಾತು. ಮೆಟ್ಸ್‌ಗೆ 1962ರಲ್ಲಿ ಫಲಿತಾಂಶ ಬಂದದ್ದು 160 ಪಂದ್ಯ, 40-120. ಶೇಕಡಾವಾರು ನೋಡಿದ್ರೆ ಅವರೇ ಇನ್ನೂ ಕೆಳಗೆ ಇರೋ ಸಾಧ್ಯತೆ ಇದೆ. 1916ರ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ಅಂತೂ 36-117. ಇನ್ನೂ ಹಿಂದಕ್ಕೆ ಹೋದರೆ 1899ರ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್, 20-134. ಹಾಗಾಗಿ "ಇತಿಹಾಸದ ಅತಿ ಕೆಟ್ಟ ತಂಡ" ಅನ್ನೋ ಮುಂಚೆ ಸ್ವಲ್ಪ ತಡೀರಿ.

ದಕ್ಷಿಣದಿಕ್ಕು

@ಲೆಕ್ಕದ ಪುಸ್ತಕ, ಸಮಾಧಾನಕ್ಕೆ ಥ್ಯಾಂಕ್ಸ್. ಆದ್ರೆ 1962ರ ಮೆಟ್ಸ್ ಆಗ ತಾನೇ ಹುಟ್ಟಿದ ತಂಡ. ಬೇರೆಯವರು ಬೇಡ ಅಂತ ಬಿಟ್ಟ ಆಟಗಾರರನ್ನು ಕೂಡಿಸಿ ಮಾಡಿದ್ದು. ಅವರು ಸೋಲದೆ ಇನ್ನೇನು ಮಾಡಿಯಾರು? ನಮ್ಮದು 1901ರಿಂದ ಇರೋ ತಂಡ, ಅಮೆರಿಕದ ಮೂರನೇ ದೊಡ್ಡ ಊರಲ್ಲಿ.

ಅವರೆಕಾಳು

ನಾನು ಇಲ್ಲಿ ಐಐಟಿಯಲ್ಲಿ ಓದ್ತಿದ್ದೀನಿ. (ಊರಲ್ಲಿ ಅಜ್ಜಿ ಎಲ್ಲರ ಹತ್ರ ಹೆಮ್ಮೆಯಿಂದ ಹೇಳ್ಕೊಂಡು ಬರ್ತಾರೆ. ಇದು ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಅಂತ ನಾನು ಬಿಡಿಸಿ ಹೇಳೋಕೆ ಹೋಗಿಲ್ಲ.) ಕ್ಯಾಂಪಸ್‌ನಿಂದ ಸ್ಟೇಡಿಯಂಗೆ ನಡ್ಕೊಂಡೇ ಹೋಗಬಹುದು. ರೆಡ್ ಲೈನ್ ರೈಲಿನ ಸಾಕ್ಸ್–35ನೇ ಸ್ಟೇಷನ್ ದಾಟಿದರೆ ಸ್ಟೇಡಿಯಂ. ಟಿಕೆಟ್ ಈ ವರ್ಷ ಎಷ್ಟು ಅಗ್ಗ ಅಂದ್ರೆ ಒಳಗೆ ತಿನ್ನೋ ಹಾಟ್ ಡಾಗೇ ದುಬಾರಿ.

ಮೊನ್ನೆ ಮಂಗಳವಾರ ಏಂಜಲ್ಸ್ ವಿರುದ್ಧದ ಪಂದ್ಯಕ್ಕೆ ಹೋಗಿದ್ದೆ. ಅವತ್ತು ಸೋತಿದ್ದರೆ 121 ಅಲ್ಲೇ, ಮನೆಯಂಗಳದಲ್ಲೇ ಆಗ್ತಿತ್ತು. ಎಷ್ಟೋ ಜನ ಅದನ್ನು ನೋಡೋಕೇ ಬಂದಿದ್ದರು! ನನ್ನ ಮುಂದಿನ ಸಾಲಿನವನು ತಲೆಗೆ ಕಂದು ಬಣ್ಣದ ಕಾಗದದ ಚೀಲ ಹಾಕ್ಕೊಂಡು, ಕಣ್ಣಿಗೆ ಎರಡು ತೂತು ಮಾಡ್ಕೊಂಡು ಕೂತಿದ್ದ. ಬಾಯಿಗೆ ತೂತು ಮಾಡೋದು ಮರೆತಿದ್ದ. ಬಿಯರ್ ಕುಡಿಯೋಕೆ ಪ್ರತಿ ಸಲ ಚೀಲ ಮೇಲೆತ್ತಬೇಕಿತ್ತು. ಏಳು ಇನ್ನಿಂಗ್ಸ್ ಹೀಗೇ ನಡೀತು. ಸುತ್ತ "ತಂಡ ಮಾರು, ತಂಡ ಮಾರು" ಅಂತ ಮಾಲೀಕರಿಗೆ ಕೂಗು. ಎಂಟನೇ ಇನ್ನಿಂಗ್ಸ್‌ನಲ್ಲಿ ನಮ್ಮವರು ಮುನ್ನಡೆ ತಗೊಂಡ್ರು ನೋಡಿ, ಜನಕ್ಕೆ ಖುಷಿ ಪಡಬೇಕೋ ಬೇಜಾರು ಮಾಡ್ಕೋಬೇಕೋ ಗೊತ್ತಾಗಲಿಲ್ಲ. ಚೀಲದವನು ಚೀಲ ಕಿತ್ತು ಕಂಕುಳಲ್ಲಿ ಇಟ್ಕೊಂಡು ಚಪ್ಪಾಳೆ ಹೊಡೆದ. 3-2ರಿಂದ ಗೆದ್ದರು. ಆಮೇಲಿನ ಎರಡು ದಿನವೂ ಗೆದ್ದರು. ಬೇಡದ ದಿನ ಗೆಲ್ಲೋದು ಅಂದ್ರೆ ಇದೇ.

ಉತ್ತರದ ಮನೆ

ಶಿಕಾಗೋದ ಇನ್ನೊಂದು ತಂಡ ಕಬ್ಸ್‌ನ ಅಭಿಮಾನಿಯಾಗಿ ಈ ಚರ್ಚೆಗೆ ನುಗ್ಗೋದು ಸರಿಯಲ್ಲ. ಆದ್ರೂ ನುಗ್ಗುತ್ತೇನೆ.

ಅದೇ ರೆಡ್ ಲೈನ್ ಹಿಡಿದು ಉತ್ತರಕ್ಕೆ ಬಂದರೆ ಆಡಿಸನ್ ಸ್ಟೇಷನ್, ಎದುರಿಗೇ ನಮ್ಮ ಸ್ಟೇಡಿಯಂ ರಿಗ್ಲಿ ಫೀಲ್ಡ್. ಬನ್ನಿ, ಜಾಗ ಇದೆ. ಅಂದಹಾಗೆ ಸೀಸ್, ಎಲೋಯ್ ಹಿಮೆನೆಸ್ ಇಬ್ಬರೂ 2017ರಲ್ಲಿ ನಾವೇ ನಿಮಗೆ ಕೊಟ್ಟಿದ್ದು. ಇಬ್ಬರನ್ನೂ ಸರಿಯಾಗಿ ಇಟ್ಟುಕೊಳ್ಳಲಿಲ್ಲ ನೀವು.

ಹಳೇ ಕಾಮಿಸ್ಕಿ

@ಉತ್ತರದ ಮನೆ, 108 ವರ್ಷ ಕಪ್ ಇಲ್ಲದೆ ಕೂತವರು ಜಾಸ್ತಿ ಮಾತಾಡಬಾರದು. ನಿಮ್ಮದು ಬಂದದ್ದು 2016ರಲ್ಲಿ. ನಮ್ಮದು 2005ರಲ್ಲೇ ಬಂತು.

ನಾನು ಈ ಊರಿಗೆ ಬಂದಾಗ ಸಾಕ್ಸ್‌ನ ಹಳೇ ಸ್ಟೇಡಿಯಂ ಕಾಮಿಸ್ಕಿ ಪಾರ್ಕ್ ಇನ್ನೂ ಇತ್ತು. ಈಗ ಅದು ಪಾರ್ಕಿಂಗ್ ಜಾಗ. ಹುಡುಗರಿಗೆ 2005 ಸರಿಯಾಗಿ ಗೊತ್ತಿರಲಿಕ್ಕಿಲ್ಲ. 1917ರ ನಂತರ ಕಪ್ ಇರಲಿಲ್ಲ. ಆ ವರ್ಷ ಪ್ಲೇಆಫ್‌ನಲ್ಲಿ 12 ಪಂದ್ಯ ಆಡಿ 11 ಗೆದ್ದರು. ಏಂಜಲ್ಸ್ ವಿರುದ್ಧ ಬರ್ಲಿ, ಗಾರ್ಲಂಡ್, ಗಾರ್ಸಿಯಾ, ಕಾಂಟ್ರೆರಾಸ್ ನಾಲ್ವರೂ ಸಾಲಾಗಿ ನಾಲ್ಕು ಪಂದ್ಯ ಇಡೀ ಒಂಬತ್ತು ಇನ್ನಿಂಗ್ಸ್ ಒಬ್ಬೊಬ್ಬರೇ ಎಸೆದರು. ಈಗ ಐದು ಇನ್ನಿಂಗ್ಸ್ ಆದರೆ ಸಾಕು, ಪಿಚರ್‌ನ ಭುಜ ತಟ್ಟಿ ಕೂರಿಸುತ್ತಾರೆ. ಆಮೇಲೆ ವರ್ಲ್ಡ್ ಸೀರೀಸ್‌ನಲ್ಲಿ ಹ್ಯೂಸ್ಟನ್ ಮೇಲೆ 4-0.

ಆ ಕಪ್ ಬಂದದ್ದೂ ರೈನ್ಸ್‌ಡಾರ್ಫ್ ಕಾಲದಲ್ಲೇ. ಬಾಸ್ಕೆಟ್‌ಬಾಲ್ ತಂಡ ಬುಲ್ಸ್‌ನ ಆರು ಕಪ್ ಕೂಡ ಅವರದೇ. ಆದ್ದರಿಂದ ಎಲ್ಲಾ ತಪ್ಪನ್ನೂ ಒಬ್ಬರ ತಲೆಗೆ ಕಟ್ಟೋದು ನನಗೆ ಒಪ್ಪಿಗೆಯಿಲ್ಲ. 2016ರ ಡಿಸೆಂಬರ್‌ನಲ್ಲಿ ಕ್ರಿಸ್ ಸೇಲ್‌ನನ್ನು ಕೊಟ್ಟು ಮೊಂಕಾಡಾ, ಕೋಪೆಕ್ ತಂದದ್ದು ಒಳ್ಳೆ ವ್ಯವಹಾರವೇ. ಆಗ ಇಡೀ ಲೀಗ್ ಹೊಟ್ಟೆಕಿಚ್ಚು ಪಟ್ಟಿತ್ತು. ಕೆಟ್ಟದ್ದು ಆಟಗಾರರ ಮೈ. ಈ ವರ್ಷ ಮೊಂಕಾಡಾ ಬರೀ 12 ಪಂದ್ಯ. ಲೂಯಿಸ್ ರಾಬರ್ಟ್ ಹೋದ ವರ್ಷ 38 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ) ಹೊಡೆದಿದ್ದ. ಈ ವರ್ಷ ಗಾಯ ಆಗಿ 14ಕ್ಕೆ ನಿಂತ. ಎಲೋಯ್ ಯಾವ ವರ್ಷ ಪೂರ್ತಿ ಆಡಿದ್ದಾನೆ? ದುರದೃಷ್ಟಕ್ಕೂ ಒಂದು ಪಾಲು ಕೊಡಬೇಕು.

ದಕ್ಷಿಣದಿಕ್ಕು

@ಹಳೇ ಕಾಮಿಸ್ಕಿ, ಸಾರ್, ನೀವು ನೋಡಿದಷ್ಟು ನಾನು ನೋಡಿಲ್ಲ, ಒಪ್ಪಿದೆ. ಗಾಯ ಎಲ್ಲ ತಂಡಕ್ಕೂ ಆಗುತ್ತೆ. ಆದಾಗ ಹಿಂದೆ ಯಾರಿದ್ದಾರೆ ಅನ್ನೋದೇ ಪ್ರಶ್ನೆ. ನಮ್ಮಲ್ಲಿ ಹಿಂದೆ ಯಾರೂ ಇರಲಿಲ್ಲ.

ಒಂದು ತಂಡವನ್ನು ಕೆಡವಿ ಕಟ್ಟೋದು ಎರಡು ಹಂತದ ಕೆಲಸ. ಮೊದಲು ಹೆಸರಾದ ಆಟಗಾರರನ್ನು ಕೊಟ್ಟು ಹುಡುಗರನ್ನು ತರೋದು. ಅದನ್ನು ನಮ್ಮವರು ಚೆನ್ನಾಗಿಯೇ ಮಾಡಿದರು. ಆಮೇಲೆ, ಹುಡುಗರು ಬಲಿತಾಗ, ಖಾಲಿ ಜಾಗಗಳಿಗೆ ದುಡ್ಡು ಸುರಿದು ಆಟಗಾರರನ್ನು ತರೋದು. ಹ್ಯೂಸ್ಟನ್ 2011ರಿಂದ 2013ರವರೆಗೆ ಮೂರು ವರ್ಷ 100ರ ಮೇಲೆ ಸೋತು, 2017ರಲ್ಲಿ ಕಪ್ ಗೆದ್ದಿತು. ಸಮಯ ಬಂದಾಗ ಅವರು ಜಸ್ಟಿನ್ ವರ್ಲ್ಯಾಂಡರ್‌ನಂಥ ಹೆಸರಾದ ಪಿಚರ್‌ನನ್ನು ತಂದರು. ನಮ್ಮವರು ಆ ಎರಡನೇ ಹಂತಕ್ಕೆ ಬಂದಾಗ ಅಂಗಡಿಗೆ ಹೋಗಿ ಬೆಲೆ ಕೇಳಿ ವಾಪಸ್ ಬಂದರು. ವೈಟ್ ಸಾಕ್ಸ್ ಇತಿಹಾಸದ ಅತಿ ದೊಡ್ಡ ಒಪ್ಪಂದ ಯಾವುದು ಗೊತ್ತಾ? ಆಂಡ್ರೂ ಬೆನಿಂಟೆಂಡಿಗೆ 5 ವರ್ಷಕ್ಕೆ 75 ಮಿಲಿಯನ್ ಡಾಲರ್. ನಮ್ಮ ರೂಪಾಯಿಯಲ್ಲಿ ಸುಮಾರು 630 ಕೋಟಿ. ಕೇಳೋಕೆ ದೊಡ್ಡದು. ಆದ್ರೆ ಈ ಲೀಗ್‌ನಲ್ಲಿ ಇವತ್ತಿನವರೆಗೆ ಒಬ್ಬ ಆಟಗಾರನಿಗೂ 100 ಮಿಲಿಯನ್ ಕೊಡದ ತಂಡ ಎರಡೇ: ಓಕ್‌ಲ್ಯಾಂಡ್ ಮತ್ತು ನಾವು. ಓಕ್‌ಲ್ಯಾಂಡ್ ಈ ವಾರ ಊರೇ ಬಿಟ್ಟು ಹೊರಟಿದೆ.

ಇನ್ನು ಜನರನ್ನು ಆರಿಸೋ ರೀತಿ. ಹೋದ ವರ್ಷ ಆಗಸ್ಟ್ 22ಕ್ಕೆ ತಂಡ ಕಟ್ಟೋ ಹೊಣೆ ಹೊತ್ತಿದ್ದ ಕೆನ್ನಿ ವಿಲಿಯಮ್ಸ್, ರಿಕ್ ಹಾನ್ ಇಬ್ಬರನ್ನೂ ತೆಗೆದರು. ಒಳ್ಳೇದೇ ಆಯ್ತು ಅಂದ್ಕೊಂಡೆವು. ಒಂಬತ್ತೇ ದಿನಕ್ಕೆ ಮನೆಯೊಳಗಿನ ಕ್ರಿಸ್ ಗೆಟ್ಜ್‌ನನ್ನೇ ಜನರಲ್ ಮ್ಯಾನೇಜರ್ ಮಾಡಿದರು. ಅದಕ್ಕೆ ಮುಂಚೆ ಅವರ ಜವಾಬ್ದಾರಿ ಏನಿತ್ತು? ಹುಡುಗರನ್ನು ತಯಾರು ಮಾಡೋದು. ಯಾವ ವಿಭಾಗ ಸರಿಯಿಲ್ಲ ಅಂತ ಎಲ್ಲರೂ ಬೈಯುತ್ತಿದ್ದರೋ ಅದೇ ವಿಭಾಗದ ಮುಖ್ಯಸ್ಥರಿಗೆ ಬಡ್ತಿ! ಲಾ ರೂಸಾ ವಿಷಯದಲ್ಲೂ ಇದೇ. 1986ರಲ್ಲಿ ಇದೇ ಮ್ಯಾನೇಜರ್ ಕೆಲಸದಿಂದ ಅವರನ್ನು ತೆಗೆದದ್ದು ಮಾಲೀಕರ ಮನಸ್ಸಿನಲ್ಲಿ ಕೊರೀತಾ ಇತ್ತು. ಆ ಋಣ ತೀರಿಸೋಕೆ ಗೆಲ್ಲೋ ತಂಡವನ್ನೇ ಕೊಟ್ಟರು. ಸ್ನೇಹ ದೊಡ್ಡದು ಸಾರ್, ಇಲ್ಲ ಅನ್ನಲ್ಲ. ಅದಕ್ಕೆ ನಾವ್ಯಾಕೆ ಟಿಕೆಟ್ ತಗೋಬೇಕು?

ಚಿನ್ನಸ್ವಾಮಿ ಗ್ಯಾಲರಿ

ಒಂದು ನಿಮಿಷ. ಆರ್‌ಸಿಬಿ ಕಷ್ಟ ಬೇರೆ ಅನ್ನಿಸ್ತಿದೆ ಈಗ. ನಾವು ದುಡ್ಡು ಸುರಿದು, ಕೊಹ್ಲಿ, ಎಬಿಡಿ, ಗೇಲ್ ಇಟ್ಕೊಂಡೂ ಕಪ್ ಇಲ್ಲದೆ ಕೂತಿದ್ದೀವಿ. ನಿಮ್ಮವರು ದುಡ್ಡೇ ಬಿಚ್ಚಿಲ್ಲ. ಯಾವುದು ಜಾಸ್ತಿ ಹೊಟ್ಟೆ ಉರಿಸುತ್ತೆ?

ಅವರೆಕಾಳು

@ಚಿನ್ನಸ್ವಾಮಿ ಗ್ಯಾಲರಿ, ಆರ್‌ಸಿಬಿ ಸೋತರೂ ಸ್ಟೇಡಿಯಂ ತುಂಬುತ್ತೆ. ಇಲ್ಲಿ ಕುರ್ಚಿಗಳ ಬಣ್ಣ ಹಸಿರು ಅಂತ ಟಿವಿಯಲ್ಲಿ ನೋಡಿದ ಎಲ್ಲರಿಗೂ ಗೊತ್ತು.

ಮೂರನೇ ಬೇಸ್

ಮೇ 23ರ ಪಂದ್ಯದ ಬಗ್ಗೆ ಯಾರೂ ಯಾಕೆ ಮಾತಾಡ್ತಿಲ್ಲ? ಬಾಲ್ಟಿಮೋರ್ ವಿರುದ್ಧದ್ದು. ಕ್ರಿಕೆಟ್‌ನವರಿಗೂ ರುಚಿಸೋ ವಿಷಯ, ಅಂಪೈರ್ ಜಗಳ.

ಕೊನೆಯ ಇನ್ನಿಂಗ್ಸ್. ಸಾಕ್ಸ್ 8-6ರಿಂದ ಹಿಂದಿದೆ. ಒಬ್ಬನೇ ಔಟ್. ಮೊದಲ ಬೇಸ್, ಎರಡನೇ ಬೇಸ್ ಎರಡರಲ್ಲೂ ಓಟಗಾರರು ಇದ್ದಾರೆ. ಒಂದು ಹೋಮ್ ರನ್ ಬಿದ್ದರೆ ಮೂರು ರನ್, ಪಂದ್ಯ ಗೆದ್ದ ಹಾಗೆ. ಬೆನಿಂಟೆಂಡಿ ಹೊಡೆದ. ಚೆಂಡು ಅಲ್ಲೇ ತಲೆ ಮೇಲೆ ಏರಿತು, ಸುಲಭದ ಕ್ಯಾಚ್.

ಇಂಥ ಹೊತ್ತಿಗೆ ಒಂದು ನಿಯಮ ಇದೆ, ಇನ್‌ಫೀಲ್ಡ್ ಫ್ಲೈ ಅಂತಾರೆ. ಫೀಲ್ಡರ್ ಬೇಕಂತಲೇ ಕ್ಯಾಚ್ ಬಿಟ್ಟು ಇಬ್ಬರು ಓಟಗಾರರನ್ನೂ ಔಟ್ ಮಾಡೋ ಚಾಲಾಕಿ ಮಾಡಬಾರದು ಅಂತ, ಚೆಂಡು ಗಾಳಿಯಲ್ಲಿರುವಾಗಲೇ ಅಂಪೈರ್ ಬ್ಯಾಟರ್ ಔಟ್ ಅಂತ ಹೇಳಿಬಿಡ್ತಾರೆ. ಕ್ಯಾಚ್ ಹಿಡಿದರೂ ಔಟ್, ಬಿಟ್ಟರೂ ಔಟ್. ಅಲ್ಲಿಗೆ ಎರಡನೇ ಔಟ್. ಎರಡನೇ ಬೇಸ್‌ನಲ್ಲಿದ್ದ ಆಂಡ್ರೂ ವಾನ್ ತನ್ನ ಬೇಸ್‌ಗೆ ವಾಪಸ್ ಹೆಜ್ಜೆ ಹಾಕ್ತಿದ್ದ. ಬಾಲ್ಟಿಮೋರ್‌ನ ಗನ್ನರ್ ಹೆಂಡರ್ಸನ್ ಅವನನ್ನು ಬಳಸಿಕೊಂಡು ಬಂದು ಆರಾಮಾಗಿ ಕ್ಯಾಚ್ ಹಿಡಿದ. ಅಂಪೈರ್ ಏನಂದ್ರು? ವಾನ್ ಅಡ್ಡ ಬಂದ, ಅವನೂ ಔಟ್! ಮೂರು ಔಟ್, ಆಟ ಮುಗೀತು. ಮೈದಾನದಲ್ಲಿ ಯಾರಿಗೂ ಏನಾಯ್ತು ಅಂತಲೇ ಅರ್ಥ ಆಗಲಿಲ್ಲ. ಬ್ಯಾಟರ್ ಆಗಲೇ ಔಟ್ ಆಗಿದ್ದಾನೆ, ಕ್ಯಾಚೂ ಹಿಡಿದಾಗಿದೆ, ಇನ್ನು ಅಡ್ಡ ಬಂದರೇನು, ಬಿಟ್ಟರೇನು? ಅಂಪೈರ್‌ಗೆ ಅಲ್ಲಿ ವಿವೇಚನೆಗೆ ಅವಕಾಶ ಇತ್ತು ಅಂತ ಮರುದಿನ ಲೀಗ್‌ನವರೇ ತಂಡಕ್ಕೆ ತಿಳಿಸಿದರು. ಅದನ್ನು ತಗೊಂಡು ಏನು ಮಾಡೋದು, ಉಪ್ಪಿನಕಾಯಿ ಹಾಕೋದಾ?

ಆ 14 ಸೋಲಿನ ಸಾಲಿನಲ್ಲಿ ಅದು ಎರಡನೇದು.

ಹಳೇ ಕಾಮಿಸ್ಕಿ

ಅದನ್ನೇ ನಾನು ದುರದೃಷ್ಟ ಅಂದದ್ದು.

ಲೆಕ್ಕದ ಪುಸ್ತಕ

ದುರದೃಷ್ಟ ಒಂದೆರಡು ಪಂದ್ಯಕ್ಕೆ ಸರಿ. ಈ ತಂಡ ಬಿಟ್ಟುಕೊಟ್ಟ ರನ್, ಹೊಡೆದ ರನ್‌ಗಿಂತ 300ಕ್ಕೂ ಜಾಸ್ತಿ. ದಿನಕ್ಕೆ ಸರಾಸರಿ ಎರಡು ರನ್ ಹಿಂದೆ. ಅದು ಅದೃಷ್ಟ ಅಲ್ಲ.

ನನ್ನ ಅನುಮಾನ ಬೇರೆ. ಬೇಕಂತಲೇ ಸೋತರಾ? ಕೆಳಗಿನ ತಂಡಕ್ಕೆ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸೋದು) ಮೊದಲ ಆಯ್ಕೆ ಸಿಗುತ್ತಲ್ಲ. ಜುಲೈನಲ್ಲಿ ಎರಿಕ್ ಫೆಡ್ಡಿ, ಟಾಮಿ ಫ್ಯಾಮ್, ಕೋಪೆಕ್, ಎಲೋಯ್ ಎಲ್ಲರನ್ನೂ ಕೊಟ್ಟರು. ನೆಟ್ಟಗೆ ಎಸೀತಿದ್ದ ಕೆಲವರಲ್ಲಿ ಫೆಡ್ಡಿ ಒಬ್ಬ.

ಮೂರನೇ ಬೇಸ್

@ಲೆಕ್ಕದ ಪುಸ್ತಕ, ಆ ಲಾಭವೂ ಇವರಿಗಿಲ್ಲ. ಈಗ ಡ್ರಾಫ್ಟ್‌ಗೆ ಲಾಟರಿ ಎತ್ತುತ್ತಾರೆ. ದೊಡ್ಡ ಊರಿನ, ಬೇರೆ ತಂಡಗಳಿಗೆ ಆದಾಯದಲ್ಲಿ ಪಾಲು ಕೊಡೋ ತಂಡ ಸತತ ಎರಡು ವರ್ಷ ಲಾಟರಿ ಆಯ್ಕೆ ಪಡೆಯೋ ಹಾಗಿಲ್ಲ. ಈ ವರ್ಷ ಅವರಿಗೆ ಐದನೇ ಆಯ್ಕೆ ಸಿಕ್ಕಿತ್ತು. ಹಾಗಾಗಿ 121 ಸೋತರೂ ಮುಂದಿನ ವರ್ಷ 10ನೇ ಜಾಗಕ್ಕಿಂತ ಮೇಲೆ ಹೋಗಲ್ಲ. ಇದು ಸೀಸನ್ ಶುರುವಾಗೋ ಮುಂಚೆನೇ ಗೊತ್ತಿದ್ದ ನಿಯಮ. ಸುಮ್ನೆ ಯಾರಾದ್ರೂ ಇಷ್ಟು ಸೋಲ್ತಾರಾ?

ಉತ್ತರದ ಮನೆ

ಅಂದ್ರೆ ಸೋಲೋದನ್ನೂ ಸರಿಯಾಗಿ ಮಾಡಲಿಲ್ಲ ಅಂತ.

ದಕ್ಷಿಣದಿಕ್ಕು

@ಉತ್ತರದ ಮನೆ, ನಿಮ್ಮ ವಿರುದ್ಧ ಈ ವರ್ಷ ಒಂದೂ ಗೆಲ್ಲಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಸುಮ್ಮನಿದ್ದೀನಿ.

ಗ್ಯಾರೆಟ್ ಕ್ರೋಶೆ ಬಗ್ಗೆ ಒಂದು ಮಾತು ಹೇಳದೆ ಇರೋಕಾಗಲ್ಲ. ಮೊಣಕೈ ಆಪರೇಷನ್ ಆಗಿ 2022 ಪೂರ್ತಿ ಕೂತಿದ್ದವನು. ಮೇಜರ್ ಲೀಗ್‌ನಲ್ಲಿ ಅವನು ಶುರುವಿನಿಂದ ಎಸೆದ ಮೊಟ್ಟಮೊದಲ ಪಂದ್ಯವೇ ಈ ಸೀಸನ್‌ನ ಮೊದಲ ಪಂದ್ಯ. ಆರು ಇನ್ನಿಂಗ್ಸ್, ಎಂಟು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ಬಿಟ್ಟದ್ದು ಒಂದೇ ರನ್. ತಂಡ 1-0ರಿಂದ ಸೋತಿತು. ಅವತ್ತೇ ಗೊತ್ತಾಗಬೇಕಿತ್ತು. ವರ್ಷವಿಡೀ ಅದೇ ಹಾಡು. 146 ಇನ್ನಿಂಗ್ಸ್‌ನಲ್ಲಿ 209 ಸ್ಟ್ರೈಕ್‌ಔಟ್ ತೆಗೆದವನ ಲೆಕ್ಕದಲ್ಲಿ 6 ಗೆಲುವು, 12 ಸೋಲು.

ಅವನನ್ನೂ ಮಾರ್ತಾರೆ ನೋಡ್ತಿರಿ.

ಅವರೆಕಾಳು (30 ಸೆಪ್ಟೆಂಬರ್ 2024)

ಕೊನೆಯ ಎರಡು ಪಂದ್ಯ ಗೆದ್ದರು! 41-121. ಕೊನೆಯ ಆರರಲ್ಲಿ ಐದು ಗೆಲುವು. ಆಗಸ್ಟ್‌ನಲ್ಲಿ ಮ್ಯಾನೇಜರ್ ಪೆಡ್ರೊ ಗ್ರಿಫೋಲ್‌ನನ್ನು ತೆಗೆದು ಕೂರಿಸಿದ ಗ್ರೇಡಿ ಸೈಜ್‌ಮೋರ್ ಬಗ್ಗೆ ಆಟಗಾರರಿಗೆ ಪ್ರೀತಿ ಇರೋ ಹಾಗಿದೆ.

ಲೆಕ್ಕದ ಪುಸ್ತಕ

ಲೆಕ್ಕ ಪಕ್ಕಾ ಆಯ್ತು. ಸಾಕ್ಸ್ ಗೆಲುವಿನ ಪ್ರಮಾಣ .253. ಮೆಟ್ಸ್ .250. ಹೊಡೆದದ್ದು 507 ರನ್, ಬಿಟ್ಟುಕೊಟ್ಟದ್ದು 813. ಸೈಜ್‌ಮೋರ್ ಲೆಕ್ಕ 13-32. ಪ್ರೀತಿ ಇರಲಿ.

ಹಳೇ ಕಾಮಿಸ್ಕಿ

ಹೊಸ ಸ್ಟೇಡಿಯಂ ಸುದ್ದಿ ಓದಿದಿರಾ? ಊರ ಮಧ್ಯೆ, ನದಿ ಪಕ್ಕ ಜಾಗ ನೋಡಿದ್ದಾರೆ. ಸರ್ಕಾರ ದುಡ್ಡು ಹಾಕಬೇಕಂತೆ. ಈ ವಿಷಯದಲ್ಲಿ ನಾನು ಮಾಲೀಕರ ಪರ ಇಲ್ಲ. ಯಾಕಂದ್ರೆ ಈ ನಾಟಕ ನಾನು ಒಂದು ಸಲ ನೋಡಿದ್ದೇನೆ. 1988ರಲ್ಲಿ ಹೊಸ ಸ್ಟೇಡಿಯಂ ಕೊಡದಿದ್ದರೆ ಫ್ಲಾರಿಡಾಗೆ ಹೋಗ್ತೀವಿ ಅಂತ ಹೆದರಿಸಿದರು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅವರಿಗೋಸ್ಕರ ಸ್ಟೇಡಿಯಂ ಕಟ್ತಾನೂ ಇದ್ದರು. ಜೂನ್ 30ರ ಮಧ್ಯರಾತ್ರಿ ಒಳಗೆ ರಾಜ್ಯದ ಶಾಸನಸಭೆಯಲ್ಲಿ ಮಸೂದೆ ಪಾಸಾಗಬೇಕಿತ್ತು. ಮತ ಸಾಲಲಿಲ್ಲ, 12 ಹೊಡೆಯೋ ಹೊತ್ತಾಯ್ತು. ಗಡಿಯಾರವನ್ನೇ ನಿಲ್ಲಿಸಿದರು! ಗವರ್ನರ್ ಜಿಮ್ ಥಾಂಪ್ಸನ್ ಖುದ್ದು ಸದಸ್ಯರ ಬಳಿ ಓಡಾಡಿ ಮತ ಕೂಡಿಸಿದರು. ಹಾಗೆ ಬಂದದ್ದು 1991ರಲ್ಲಿ ತೆರೆದ ಈಗಿನ ಸ್ಟೇಡಿಯಂ. ಜನರ ದುಡ್ಡು. 121 ಸೋತ ವರ್ಷವೇ ಇನ್ನೊಂದು ಕೇಳೋಕೆ ಧೈರ್ಯ ಬೇಕಪ್ಪ.

ದಕ್ಷಿಣದಿಕ್ಕು (12 ಡಿಸೆಂಬರ್ 2024)

ಮೇಲೆ ಬರೆದಿದ್ದೆನಲ್ಲ. ನಿನ್ನೆ ಕ್ರೋಶೆಯನ್ನು ಬಾಸ್ಟನ್‌ಗೆ ಕೊಟ್ಟರು. ಬದಲಿಗೆ ಕೈಲ್ ಟೀಲ್ ಅನ್ನೋ ಕ್ಯಾಚರ್, ಬ್ರೇಡನ್ ಮಾಂಟ್ಗೊಮರಿ, ಚೇಸ್ ಮೈಡ್ರಾತ್, ವಿಕಲ್ಮನ್ ಗೊನ್ಸಾಲೆಸ್. ಅದರ ಹಿಂದಿನ ದಿನ ಲಾಟರಿ: ಮೊದಲ ಆಯ್ಕೆ ವಾಷಿಂಗ್ಟನ್‌ಗೆ. ನಮಗೆ 10ನೇದು. ಜುಲೈನಲ್ಲಿ ಕೊಟ್ಟ ಕೋಪೆಕ್ ಡಾಜರ್ಸ್ ಜೊತೆ ವರ್ಲ್ಡ್ ಸೀರೀಸ್ ಗೆದ್ದು, ಗೆದ್ದವರಿಗೆ ಕೊಡೋ ಉಂಗುರಕ್ಕೆ ಅಳತೆ ಕೊಡ್ತಿದ್ದಾನೆ.

ಟೀಲ್ ಒಳ್ಳೆ ಹುಡುಗ ಅಂತಾರೆ. 2016ರಲ್ಲಿ ಸೇಲ್‌ನನ್ನು ಅದೇ ಬಾಸ್ಟನ್‌ಗೆ ಕೊಟ್ಟಾಗಲೂ ಹೀಗೇ ಅಂದಿದ್ದರು.

ಅವರೆಕಾಳು (1 ಅಕ್ಟೋಬರ್ 2025)

ಈ ಚರ್ಚೆ ಎಬ್ಬಿಸೋಣ ಅನ್ನಿಸ್ತು. ಈ ವರ್ಷ 60-102. ಹೊಸ ಮ್ಯಾನೇಜರ್ ವಿಲ್ ವೆನಬಲ್. 19 ಗೆಲುವು ಜಾಸ್ತಿ! ಕೋಲ್ಸನ್ ಮಾಂಟ್ಗೊಮರಿ ಜುಲೈನಲ್ಲಿ ಬಂದು 21 ಹೋಮ್ ರನ್ ಹೊಡೆದ. ಟೀಲ್, ಮೈಡ್ರಾತ್ ಇಬ್ಬರೂ ಆಡ್ತಿದ್ದಾರೆ. ಮೇಲಾಗಿ ಹೊಸ ಪೋಪ್ ನಮ್ಮ ಕಡೆಯವರು. ಪೋಪ್ ಲಿಯೋ 2005ರ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯಕ್ಕೆ ಬಂದು ಕೂತಿದ್ದ ವಿಡಿಯೋ ನೋಡಿದಿರಾ? ಅವರು ಕೂತ ಜಾಗದ ಹತ್ರ ಈಗ ಚಿತ್ರ ಬರೆಸಿದ್ದಾರೆ.

ಚಿನ್ನಸ್ವಾಮಿ ಗ್ಯಾಲರಿ

ನಮಗೆ ಜೂನ್‌ನಲ್ಲಿ ಕಪ್ ಬಂತು, ಪೋಪ್ ಇಲ್ಲದೇ. ನೀವೂ ತಾಳ್ಮೆ ಇಟ್ಕೊಳ್ಳಿ.

ಲೆಕ್ಕದ ಪುಸ್ತಕ

ಸತತ ಮೂರನೇ ವರ್ಷ ನೂರರ ಮೇಲೆ ಸೋಲು, ಅದನ್ನೂ ಬರೆದುಕೊಳ್ಳಿ. ಕೊಲರಾಡೊ ರಾಕೀಸ್ 43-119 ಮಾಡಿದ್ದರಿಂದ ಯಾರೂ ನಿಮ್ಮ ಕಡೆ ನೋಡಲಿಲ್ಲ ಅಷ್ಟೆ. ಕ್ರೋಶೆ ಬಾಸ್ಟನ್‌ನಲ್ಲಿ 255 ಸ್ಟ್ರೈಕ್‌ಔಟ್ ತೆಗೆದು 18 ಪಂದ್ಯ ಗೆದ್ದ.

ಹಳೇ ಕಾಮಿಸ್ಕಿ

ಆದರೂ ನೋಡೋಕೆ ತಂಡದ ಹಾಗೆ ಕಾಣಿಸುತ್ತೆ ಈಗ. ಹೋದ ವರ್ಷ ಅದೂ ಇರಲಿಲ್ಲ.

ದಕ್ಷಿಣದಿಕ್ಕು

ಹುಡುಗರ ಬಗ್ಗೆ ನನ್ನ ತಕರಾರಿಲ್ಲ ಸಾರ್. ಕೋಲ್ಸನ್ ಮಾಂಟ್ಗೊಮರಿ ಬ್ಯಾಟ್ ಬೀಸೋದು ನೋಡೋಕೇ ಚಂದ. ನನ್ನ ಪ್ರಶ್ನೆ ಈಗಲೂ ಅದೇ: ಇವರು ಬಲಿತಾಗ ದುಡ್ಡು ಯಾರು ಬಿಚ್ಚುತ್ತಾರೆ? ಜೂನ್‌ನಲ್ಲಿ ಜಸ್ಟಿನ್ ಇಶ್ಬಿಯಾ ಅನ್ನೋ ಶ್ರೀಮಂತ ಹೂಡಿಕೆದಾರರ ಜೊತೆ ಒಪ್ಪಂದ ಆಗಿದೆ. 2029ರಿಂದ 2033ರ ಒಳಗೆ ರೈನ್ಸ್‌ಡಾರ್ಫ್ ಮನಸ್ಸು ಮಾಡಿದರೆ ತಂಡವನ್ನು ಅವರಿಗೆ ಮಾರಬಹುದು. ಮನಸ್ಸು ಮಾಡದಿದ್ದರೆ, 2034ರ ಸೀಸನ್ ಮುಗಿದ ಮೇಲೆ ಕೊಳ್ಳೋ ಹಕ್ಕು ಇಶ್ಬಿಯಾದು. ಟೀಲ್‌ಗೆ ಈಗ 23. 2034ಕ್ಕೆ 32. ಕ್ಯಾಚರ್‌ಗಳ ಮಂಡಿ ಆ ವಯಸ್ಸಿಗೆ ಹೇಗಿರುತ್ತೆ ಅಂತ ಯಾವ ಕ್ಯಾಚರ್‌ನನ್ನಾದ್ರೂ ಕೇಳಿ.